ಬಂಪರಿನ ಗೀರು



ಮನೆ, ಅಂಗಡಿ, ವಖಾರ ಎಂದು ದಿನವೂ ಗಾಡಿ ಓಡಿಸುವ ನಮ್ಮಂಥ ವ್ಯಾಪಾರಸ್ಥರಿಗೆ ಬಂಪರಿನ ಗೀರು ಹೊಸ ಮಾತಲ್ಲ. ಸೊಲ್ಲಾಪುರದ ಪೇಟೆಯ ಓಣಿಗಳನ್ನು ಕಂಡವರಿಗಂತೂ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಡೆ ಕೈಗಾಡಿ, ಇನ್ನೊಂದು ಕಡೆ ಮಾಲು ಇಳಿಸುವ ಟೆಂಪೋ, ನಡುವೆ ರಿಕ್ಷಾ. ಇಂಥಲ್ಲಿ ವರ್ಷಕ್ಕೆ ಒಂದಾದರೂ ಗೀರು ಬೀಳದೆ ಇರದು. ಈ ಸಲ ಅದರ ರಿಪೇರಿಯ ವಿಷಯ ಬರೆಯುತ್ತಿದ್ದೇವೆ. ಇದಕ್ಕೆ ಕಾರಣ ನಮ್ಮಲ್ಲೇ ನಡೆದ ಒಂದು ಪ್ರಸಂಗ. ಅದರಲ್ಲಿ ತಪ್ಪು ನಮ್ಮದೇ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ.

ದೀಪಾವಳಿಯ ಗದ್ದಲ ಮುಗಿದಿತ್ತು. ಒಂದು ಸಂಜೆ ಅಂಗಡಿಯ ಮುಂದೆ ನಿಂತಿದ್ದ ಗಾಡಿಯ ಹಿಂದಿನ ಬಂಪರಿನ ಎಡ ಮೂಲೆ ನಮ್ಮ ಕಣ್ಣಿಗೆ ಬಿತ್ತು. ಗೇಣುದ್ದದ ಗೀರು, ಅದರ ನಡುವೆ ಅವರೆಕಾಳಿನಷ್ಟು ತಗ್ಗು. ಗಾಡಿ ಹೊಡೆಯುವವನು ನಮ್ಮಲ್ಲಿ 11 ವರ್ಷದಿಂದ ಇರುವ ಹುಡುಗ. ಗುಮಾಸ್ತರು, ಇಬ್ಬರು ಗಿರಾಕಿಗಳು ಕುಳಿತಿದ್ದಾರೆ ಎಂಬುದನ್ನೂ ನೋಡದೆ, "ಕಣ್ಣು ಎಲ್ಲಿಟ್ಟಿದ್ದೀ? ಇದರ ಖರ್ಚು ನಿನ್ನ ಪಗಾರದಾಗ ಹಿಡೀತೀವಿ" ಎಂದೆವು. ಅವನು ತಲೆ ತಗ್ಗಿಸಿ, "ಆತ್ರಿ ಸಾವಕಾರ್ರ" ಎಂದಷ್ಟೇ ಹೇಳಿ ಹೊರಗೆ ಹೋದ.

ಮರುದಿನ ಗ್ಯಾರೇಜಿನಲ್ಲಿ ತೋರಿಸಿದೆವು. ಪೂರ್ತಿ ಬಂಪರಿಗೆ ಬಣ್ಣ ಹೊಡೆಯಬೇಕು, 4,500 ರೂಪಾಯಿ ಆಗುತ್ತದೆ ಎಂದರು. "ವಿಮೆ ಇದೆಯಲ್ಲ, ಕ್ಲೇಮ್ ಹಾಕಿರಿ" ಎಂಬ ಸಲಹೆಯೂ ಬಂತು. ರಾತ್ರಿ ಪಾಲಿಸಿಯ ಕಾಗದ ತೆಗೆದು ಲೆಕ್ಕಕ್ಕೆ ಕುಳಿತೆವು. ಈ ಲೆಕ್ಕ ಎಲ್ಲರಿಗೂ ಉಪಯೋಗವಾಗುವಂಥದು, ಆದ್ದರಿಂದ ಇಲ್ಲಿ ಕೊಡುತ್ತೇವೆ.

ಖಾಸಗಿ ಕಾರಿನ ವಿಮೆಯಲ್ಲಿ ಪ್ರತಿ ಕ್ಲೇಮಿನ ಮೊದಲ ಪಾಲು ನಾವೇ ಹೊರಬೇಕು. 1500 ಸಿ.ಸಿ.ವರೆಗಿನ ಗಾಡಿಗೆ ಅದು 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000. ಅಂದರೆ ನಮಗೆ ಹೆಚ್ಚೆಂದರೆ 3,500 ಸಿಗುತ್ತಿತ್ತು. ಇನ್ನು ನೋ ಕ್ಲೇಮ್ ಬೋನಸ್. ಕ್ಲೇಮ್ ಇಲ್ಲದೆ ಒಂದು ವರ್ಷ ಕಳೆದರೆ ನಮ್ಮ ಗಾಡಿಯ ಹಾನಿಗೆ ಕಟ್ಟುವ ಪ್ರೀಮಿಯಮ್ಮಿನಲ್ಲಿ ಶೇಕಡಾ 20 ಬಿಡುತ್ತಾರೆ. ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ನಡುವೆ ಒಂದು ಕ್ಲೇಮ್ ಹಾಕಿದರೆ, ಬೋನಸ್ ಉಳಿಸುವ ಹೆಚ್ಚಿನ ಕರಾರು ಮಾಡಿಕೊಂಡಿರದಿದ್ದರೆ, ಮತ್ತೆ ಸೊನ್ನೆಯಿಂದ ಶುರು.

ನಮ್ಮದು ಶೇಕಡಾ 50ಕ್ಕೆ ಮುಟ್ಟಿತ್ತು. ಪ್ರೀಮಿಯಂ 8,000 ಎಂದು ಹಿಡಿಯಿರಿ, ಅದು ಪ್ರತಿ ವರ್ಷ ಅಷ್ಟೇ ಇರುತ್ತದೆ ಎನ್ನಿರಿ. ಕ್ಲೇಮ್ ಹಾಕಿದರೆ ಮೊದಲ ವರ್ಷ 4,000 ಹೆಚ್ಚು ಕಟ್ಟಬೇಕು. ನಂತರ 2,400, ಆಮೇಲೆ 2,000, 1,200, ಕೊನೆಗೆ 400. ಐದು ವರ್ಷ ಕೂಡಿಸಿದರೆ 10,000. 3,500 ಪಡೆಯಲು 10,000 ಕೊಡುವ ವ್ಯಾಪಾರ ಯಾರು ಮಾಡುತ್ತಾರೆ? ಪಾಲಿಸಿಯ ಕಾಗದ ಮಡಚಿ ಇಟ್ಟೆವು.

ಬೆಳಿಗ್ಗೆ ಚಹಾ ತಂದಿಟ್ಟ ಸೊಸೆ ಒಳಗೆ ಹೋಗದೆ ಅಲ್ಲೇ ನಿಂತಳು. "ಮಾವಾರ, ಗಾಡಿ ಆವತ್ತು ಹೊಡೀತಿದ್ದಾಕಿ ನಾನು. ವಖಾರದ ಗೇಟಿನ ಕಂಬಕ್ಕ ತಾಗಿತು. ಅಂವ ಬಾಜೂಕ ಕೂತು ಕಲಸ್ತಿದ್ದ. ನಾ ಕಲಿಯೂದು ನಿಂತೀತು ಅಂತ ತನ್ನ ಮ್ಯಾಲೆ ಹಾಕ್ಕೊಂಡಾನ" ಎಂದಳು. ಕಲಿಯುವ ಲೈಸೆನ್ಸು ತೆಗೆಸಿಕೊಟ್ಟವರು ನಾವೇ. ಆದರೆ ಗೀರು ಬಿದ್ದರೆ ನಮ್ಮೆದುರು ಬಂದು ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಚಹಾ ಆರಿಹೋಯಿತು. ಏನು ಉತ್ತರ ಕೊಡಬೇಕೋ ನಮಗೆ ತಿಳಿಯಲಿಲ್ಲ.

ಅಂಗಡಿಗೆ ಹೋದವರೇ ಗುಮಾಸ್ತರ ಎದುರಿಗೇ ಅವನನ್ನು ಕರೆದು, "ತಮ್ಮಾ, ತಪ್ಪು ನಮ್ಮದು. ಕೇಳದ ಬೈದೆವು" ಎಂದೆವು. ಅವನಿಗೆ ಬೈಗುಳಕ್ಕಿಂತ ಈ ಮಾತೇ ಹೆಚ್ಚು ಸಂಕೋಚವಾಯಿತೆಂದು ಕಾಣುತ್ತದೆ. "ಬಿಡ್ರಿ ಸಾವಕಾರ್ರ, ಇದು ದೊಡ್ಡ ಕೆಲಸ ಅಲ್ಲ, ನಾವ ಮಾಡೂಣು" ಎಂದ. ಹುಡುಗನಿದ್ದಾಗ ಎರಡು ವರ್ಷ ಪೇಂಟಿಂಗ್ ಗ್ಯಾರೇಜಿನಲ್ಲಿ ದುಡಿದಿದ್ದನಂತೆ. 11 ವರ್ಷದಲ್ಲಿ ನಾವು ಅದನ್ನೂ ಕೇಳಿರಲಿಲ್ಲ.

ರವಿವಾರ ಮೂವರೂ ಅಂಗಳದಲ್ಲಿ ಕುಳಿತೆವು. ಮಾಡಿದ ಕ್ರಮ ಹೀಗಿದೆ.

ಮೊದಲು ಸಾಬೂನು ನೀರಿನಿಂದ ಚೆನ್ನಾಗಿ ತೊಳೆದು, ಒಣಗಿಸಿ, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಎಷ್ಟೋ ಸಲ ಗೀರು ಎಂದು ಕಂಡದ್ದು ಗೀರೇ ಅಲ್ಲ, ತಾಗಿದ ಗೋಡೆಯ ಅಥವಾ ಕಂಬದ ಬಣ್ಣ ಅಂಟಿರುತ್ತದೆ. ನಮ್ಮದರಲ್ಲಿ ಅರ್ಧ ಗೀರು ಹೀಗೆಯೇ ಹೋಯಿತು. ಥಿನ್ನರ್ ಬಳಸಬಾರದು, ಅದು ಬಂಪರಿನ ಬಣ್ಣವನ್ನೂ ಕರಗಿಸೀತು.

ಆಮೇಲೆ ಉಗುರಿನ ಪರೀಕ್ಷೆ. ಗೀರಿನ ಮೇಲೆ ಅಡ್ಡಲಾಗಿ ಉಗುರು ಎಳೆಯಿರಿ. ಉಗುರು ಸಿಕ್ಕದಿದ್ದರೆ ಗೀರು ಮೇಲಿನ ಪಾರದರ್ಶಕ ಪದರದಲ್ಲಿಯೇ ಇದೆ. ಅದಕ್ಕೆ ರಬ್ಬಿಂಗ್ ಕಂಪೌಂಡ್ ಹಚ್ಚಿ ಮೆತ್ತನೆಯ ಬಟ್ಟೆಯಿಂದ ತಿಕ್ಕಿದರೆ ಸಾಕು. ಉಗುರು ಸಿಕ್ಕಿದರೆ, ಅಥವಾ ಒಳಗಿನ ಕರಿ ಪ್ಲಾಸ್ಟಿಕ್ ಕಂಡರೆ, ಮುಂದಿನ ಕೆಲಸ ಬೇಕು.

ಹಿಂದೆ ಅಂಬಾಸಿಡರ್, ಫಿಯಾಟ್ ಗಾಡಿಗಳಿಗೆ ಹೊಳೆಯುವ ಉಕ್ಕಿನ ಬಂಪರು ಇರುತ್ತಿತ್ತು. ಈಗ ನಾವು ಬಂಪರು ಎನ್ನುವುದು ಮೇಲಿನ ಪ್ಲಾಸ್ಟಿಕ್ ಹೊದಿಕೆ. ಒಳಮೈಯಲ್ಲಿ ನೋಡಿದರೆ ಹೆಚ್ಚಾಗಿ ಪಿ.ಪಿ. ಎಂಬ ಅಕ್ಷರಗಳಿರುತ್ತವೆ, ಅಂದರೆ ಪಾಲಿಪ್ರೊಪಿಲಿನ್ ಜಾತಿ. ಇದಕ್ಕೆ ಬಣ್ಣವಾಗಲಿ ಪುಟ್ಟಿಯಾಗಲಿ ಸುಲಭವಾಗಿ ಅಂಟುವುದಿಲ್ಲ. ಅಲ್ಲದೆ ಇದು ಬಾಗುತ್ತದೆ. ತಗಡಿಗೆ ಹಚ್ಚುವ ಮಾಮೂಲಿ ಪುಟ್ಟಿ ಬಾಗುವುದಿಲ್ಲ, ಆದ್ದರಿಂದ ಸ್ವಲ್ಪ ದಿನದಲ್ಲೇ ಬಿರುಕು ಬಿಟ್ಟು ಉದುರುತ್ತದೆ. ಪ್ಲಾಸ್ಟಿಕ್ ಬಂಪರಿನದೇ ಪುಟ್ಟಿ ಕೇಳಿ ತರಬೇಕು.

ತಗ್ಗಿನ ಅಂಚಿಗೆ ಎದ್ದಿದ್ದ ಪ್ಲಾಸ್ಟಿಕ್ ಎಳೆಗಳನ್ನು ಬ್ಲೇಡಿನಿಂದ ಸವರಿದೆವು. ನಂತರ 180 ನಂಬರಿನ, ಆಮೇಲೆ 320ರ ಪಾಲಿಶ್ ಪೇಪರಿನಿಂದ ಸುತ್ತಲಿನ ಬಣ್ಣದ ಅಂಚು ಬೆರಳಿಗೆ ತಟ್ಟದಂತೆ ಉಜ್ಜಿದೆವು. ಮತ್ತೆ ಒರೆಸಿ, ಬರಿ ಪ್ಲಾಸ್ಟಿಕ್ ಕಂಡಲ್ಲಿ ಅಡ್ಹೀಶನ್ ಪ್ರಮೋಟರ್ ಎಂಬ ಅಂಟಿಸುವ ದ್ರವವನ್ನು ತೆಳುವಾಗಿ ಹೊಡೆದೆವು. ಅದರ ಮೇಲೆ ಪುಟ್ಟಿ. ತಗ್ಗು ತುಂಬಲೆಂದು ಒಮ್ಮೆಗೇ ದಪ್ಪ ಹಚ್ಚಬಾರದು, ತೆಳುವಾಗಿ ಎರಡು ಸಲ ಹಚ್ಚಬೇಕು. ಪೂರ್ತಿ ಒಣಗಿದ ಮೇಲೆ ಪೇಪರನ್ನು ಮರದ ತುಂಡಿಗೆ ಸುತ್ತಿ 320ರಿಂದ, ಆಮೇಲೆ 600ರಿಂದ ಸಮ ಮಾಡಬೇಕು. ಬರಿ ಬೆರಳಿನಿಂದ ಉಜ್ಜಿದರೆ ಗುಳಿ ಬೀಳುತ್ತದೆ. ಸಮವಾಯಿತೇ ಎಂದು ನೋಡಲು ಕಣ್ಣಿಗಿಂತ ಅಂಗೈಯನ್ನು ನಂಬಿರಿ.

ಸುತ್ತಲೂ ಹಳೆ ಪೇಪರು, ಮಾಸ್ಕಿಂಗ್ ಟೇಪು ಅಂಟಿಸಿ ಪ್ರೈಮರಿನ ಎರಡು ತೆಳು ಪದರ. ಒಣಗಿದ ಮೇಲೆ 1000ದ ವಾಟರ್ ಪೇಪರನ್ನು ನೀರಲ್ಲಿ ಅದ್ದಿ ಹಗುರಾಗಿ ತಿಕ್ಕಬೇಕು. ಬಣ್ಣದ ಕೋಡ್ ನಂಬರು ಗಾಡಿಯ ಮೇಲೆಯೇ, ಬಾಗಿಲ ಕಂಬದಲ್ಲೋ ಬಾನೆಟ್ಟಿನ ಒಳಗೋ ಒಂದು ಪಟ್ಟಿಯ ಮೇಲೆ ಬರೆದಿರುತ್ತದೆ. 'ಬಿಳಿ ಕೊಡಿ' ಎಂದರೆ ಸಾಲದು, ಬಿಳಿಯಲ್ಲೇ ಹಲವು ಬಗೆ. ಸ್ಪ್ರೇ ಡಬ್ಬಿಯನ್ನು 20-25 ಸೆಂಟಿಮೀಟರ್ ದೂರ ಹಿಡಿದು, ಕೈ ನಿಲ್ಲಿಸದೆ, ತೆಳುವಾಗಿ ಮೂರು-ನಾಲ್ಕು ಸಲ ಹೊಡೆಯಬೇಕು. ನಡುನಡುವೆ 10-15 ನಿಮಿಷ ಬಿಡಬೇಕು. ಸೊಸೆಯ ಮೊದಲ ಪದರ ಕೈ ನಿಂತಲ್ಲಿ ಇಳಿದು ಬಂತು. ಒಣಗಿಸಿ, ಉಜ್ಜಿ, ಮತ್ತೆ ಅವಳ ಕೈಯಲ್ಲೇ ಹೊಡೆಸಿದೆವು. ಕೊನೆಗೆ ಕ್ಲಿಯರ್ ಕೋಟಿನ ಎರಡು-ಮೂರು ಪದರ. ಎರಡು ದಿನ ಬಿಟ್ಟು 2000ದ ವಾಟರ್ ಪೇಪರು, ಅದರ ಮೇಲೆ ಕಂಪೌಂಡ್. ಸಾಮಾನಿನ ಖರ್ಚು ಒಟ್ಟು 2,000 ರೂಪಾಯಿಯೊಳಗೆ ಮುಗಿಯಿತು.

ಕೆಲವು ಎಚ್ಚರಿಕೆಗಳು. ನಮ್ಮ ಭಾಗದ ಬೇಸಿಗೆಯ ಬಿಸಿಲಲ್ಲಿ ಈ ಕೆಲಸ ಬೇಡ. ಕಾದ ಬಂಪರಿನ ಮೇಲೆ ಬಣ್ಣ ಹರಡುವ ಮೊದಲೇ ಒಣಗಿ ಒರಟಾಗುತ್ತದೆ, ಧೂಳೂ ಕೂರುತ್ತದೆ. ಮಳೆಗಾಲದ ತೇವದಲ್ಲಿ ಕ್ಲಿಯರ್ ಕೋಟ್ ಬೆಳ್ಳಗೆ ಮಂಜಾಗುತ್ತದೆ. ಚಳಿಗಾಲದ ನಡುಹಗಲು, ಗಾಳಿ ಇಲ್ಲದ ನೆರಳು ಒಳ್ಳೆಯದು. ಮುಖಕ್ಕೆ ಮಾಸ್ಕ್ ಇರಲಿ, ಹತ್ತಿರ ಬೆಂಕಿ ಇರಬಾರದು, ಮಕ್ಕಳನ್ನು ದೂರ ಇಡಿ.

ಮೆಟಾಲಿಕ್ ಬಣ್ಣದ ಗಾಡಿಯಾದರೆ ಡಬ್ಬಿಯ ಬಣ್ಣ ಕೂಡಿ ಬರುವುದು ಕಷ್ಟ, ಗ್ಯಾರೇಜಿಗೆ ಕೊಡುವುದೇ ಲೇಸು. ಬಣ್ಣ ಹೊಡೆಯದ ಒರಟು ಕರಿ ಬಂಪರಾದರೆ ಉಜ್ಜಲೇಬೇಡಿ, ಅದರ ಕಣಕಣದ ಮೈ ಮತ್ತೆ ಬರುವುದಿಲ್ಲ. ಬಂಪರು ಸೀಳಿದ್ದರೆ, ಕ್ಲಿಪ್ಪು ಮುರಿದು ಸಂದು ಬಿಟ್ಟಿದ್ದರೆ, ಸೆನ್ಸರ್ ಇರುವ ಜಾಗಕ್ಕೆ ಪೆಟ್ಟಾಗಿದ್ದರೆ ಇದು ಮನೆಯ ಕೆಲಸವಲ್ಲ. ಹೊಸ ಗಾಡಿಗಳಲ್ಲಿ ಬಂಪರಿನ ಹಿಂದೆ ರಾಡಾರ್ ಇರುವುದುಂಟು, ಅದರ ಮುಂದೆ ಪುಟ್ಟಿ ಹಚ್ಚಬಾರದು. ಬಂಪರು ಉಳಿಯಲೆಂದು ಮುಂದೆ ಕಬ್ಬಿಣದ ಗಾರ್ಡ್ ಹಾಕಿಸುವವರೂ ನಮ್ಮಲ್ಲಿದ್ದಾರೆ. ಅದು ಮೋಟಾರು ವಾಹನ ಕಾನೂನಿನ 52ನೆಯ ಕಲಮಿಗೆ ವಿರುದ್ಧವೆಂದು ಕೇಂದ್ರ ಸರಕಾರ 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ತಿಳಿಸಿದೆ. ದಾರಿಯಲ್ಲಿ ನಡೆಯುವವರಿಗೂ ಅದು ಅಪಾಯ.

ನಮ್ಮ ಗಾಡಿಯ ಗೀರು ಈಗ ಕಾಣುವುದಿಲ್ಲ. ಮಗ್ಗುಲಿನಿಂದ ಬಗ್ಗಿ ನೋಡಿದರೆ ಮಾತ್ರ ಬಿಳಿಯಲ್ಲಿ ಕೂದಲೆಳೆಯಷ್ಟು ಭೇದ ಗೊತ್ತಾಗುತ್ತದೆ. ಸೊಸೆಗೆ ಲೈಸೆನ್ಸು ಬಂತು. ಮೊನ್ನೆ ಅಕ್ಕಲಕೋಟೆಯ ಬೀಗರ ಮನೆಗೆ ಅವಳೇ ಗಾಡಿ ಹೊಡೆದುಕೊಂಡು ಹೋದಳು. ನಾವು ಬಾಜೂಕೆ ಕುಳಿತಿದ್ದೆವು. ಊರು ಮುಟ್ಟಿದ ಮೇಲೆ ಗೋಡೆಯ ಹತ್ತಿರ ಗಾಡಿ ನಿಲ್ಲಿಸುವಾಗ ಹಿಂದೆ ಸಣ್ಣಗೆ ಕರ್ ಎಂದಿತು. ಅವಳು ಇಳಿದು ನೋಡಿ ಬಂದು, "ಮಾವಾರ, ಗ್ವಾಡಿಗೆ ತಾಗಿತು. ಉಗುರು ಸಿಗೂದಿಲ್ಲ" ಎಂದಳು. "ಹಂಗಾದರ ಕಂಪೌಂಡ್ ಸಾಕು, ಒಳಗ ನಡಿಯವ್ವಾ" ಎಂದೆವು.

ನಿಮ್ಮ ಮನೆಯಲ್ಲೂ ಗಾಡಿಗೆ ಗೀರು ಬಿದ್ದಾಗ, ಯಾರು ಮಾಡಿದ್ದು ಎಂದು ಕೂಗುವ ಮೊದಲು ಒಮ್ಮೆ ಉಗುರು ಎಳೆದು ನೋಡಿರಿ. ಅಷ್ಟರಲ್ಲಿ ಸಿಟ್ಟೂ ಇಳಿದಿರುತ್ತದೆ, ಮಾಡಿದವರೂ ತಾವಾಗಿ ಬಂದು ಹೇಳಿಯಾರು.