ಶಿಪ್ಪಿಂದ ಬಂದವರಿಗೆ ಮೊದಲು ರಜೆ ಕೊಡಿ

ಮಂಗಳೂರು, ಉಡುಪಿ ಕಡೆಯವರಿಗೆ ಒಂದು ಪ್ರಶ್ನೆ. ನಿಮ್ಮ ಮನೆಯಲ್ಲೋ, ಪಕ್ಕದ ಮನೆಯಲ್ಲೋ "ಶಿಪ್ಪಲ್ಲಿರೋರು" ಒಬ್ಬರಾದ್ರೂ ಇದ್ದಾರಲ್ವಾ? ಅವರು ಊರಿಗೆ ಬಂದ ದಿನ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಎಂತ ತಂದದ್ದು?" ಎರಡನೆಯದು, "ಪುನಃ ಯಾವಾಗ ಹೋಗುದು?"

ಇವತ್ತಿನ ಕ್ಯಾಪ್ಶನ್ ಈ ಎರಡು ಪ್ರಶ್ನೆಗಳ ವಿರುದ್ಧ. ಸ್ವಲ್ಪ ಉದ್ದ ಉಂಟು, ಪೂರ್ತಿ ಓದಿ ಮಾರಾಯ್ರೆ.

ಕ್ರೂಸ್ ಅಂದ್ರೆ ನಮಗೆ ನೆನಪಾಗುವುದು ರೀಲ್ಸ್. ಡೆಕ್ ಮೇಲೆ ಸ್ವಿಮ್ಮಿಂಗ್ ಪೂಲ್, ಬಫೆ, ಸೂರ್ಯಾಸ್ತ. ಒಂದು ವಾರ ಕ್ರೂಸ್ ಸುತ್ತಿ ಮನೆಗೆ ಬಂದ ಪ್ರವಾಸಿಗರೇ "ಸುಸ್ತಾಗಿದೆ, ಎರಡು ದಿನ ಮಲಗ್ಬೇಕು" ಅಂತಾರೆ. ಮನೆಯ ನೆಲವೂ ತೂಗಿದ ಹಾಗೆ ಆಗ್ತದೆ ಅಂತಾರೆ. ಅದು ಸುಳ್ಳಲ್ಲ. ಅಲೆಯ ಅಲುಗಾಟಕ್ಕೆ ಒಗ್ಗಿದ ಮಿದುಳಿಗೆ ಗಟ್ಟಿ ನೆಲ ಪುನಃ ಅಭ್ಯಾಸ ಆಗಲು ಸಮಯ ಬೇಕು. ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ಸರಿಯಾಗ್ತದೆ.

ಏಳು ದಿನ ಉಂಡು ತಿರುಗಾಡಿದವರಿಗೇ ಇಷ್ಟು. ಅದೇ ಹಡಗಲ್ಲಿ ಎಂಟು ತಿಂಗಳು ಅವರ ಬೆಡ್‌ಶೀಟ್ ಬದಲಿಸಿದವರಿಗೆ ಎಷ್ಟು ದಿನ ಬೇಕು?

ಪ್ರವಾಸಿಗರ ಕ್ರೂಸ್ ಮುಗಿಯುವ ದಿನವೇ ಕ್ಯಾಬಿನ್ ಕ್ಲೀನ್ ಮಾಡುವವರಿಗೆ ಅತಿ ಕಷ್ಟದ ದಿನ. ಬೆಳಿಗ್ಗೆ ಹಳಬರು ಇಳೀತಾರೆ, ಮಧ್ಯಾಹ್ನದ ಹೊತ್ತಿಗೆ ಹೊಸಬರು ಹತ್ತಲು ಶುರು. ನಡುವಿನ ಕೆಲವೇ ಗಂಟೆಯಲ್ಲಿ ಎಲ್ಲಾ ರೂಮ್ ಹೊಸದರಂತೆ ಆಗ್ಬೇಕು. ವಾರದ ಟ್ರಿಪ್ ಆದ್ರೆ ಪ್ರತಿ ವಾರ ಇದೇ ಕಥೆ. ಭಾನುವಾರ ಅಂತ ಒಂದು ರಜೆ ಅಲ್ಲಿಲ್ಲ.

ನಾವು ಕಾಮರ್ಸ್‌ನವರು, ಲೆಕ್ಕ ನೋಡುವ. ಹಡಗಿನ ಕೆಲಸಗಾರರಿಗಾಗಿ ಎಂಎಲ್‌ಸಿ 2006 ಅಂತ ಅಂತರರಾಷ್ಟ್ರೀಯ ಒಪ್ಪಂದ ಉಂಟು. ಭಾರತ ಅದನ್ನು 2015ರಲ್ಲಿ ಒಪ್ಪಿಕೊಂಡಿತು. ಆ ಒಪ್ಪಂದದಲ್ಲೇ ಮಿತಿ ಹೇಗಿದೆ ಅಂದ್ರೆ, ಏಳು ದಿನಕ್ಕೆ ಹೆಚ್ಚೆಂದರೆ 72 ಗಂಟೆ ಕೆಲಸ, ಇಲ್ಲವೇ ಕಡಿಮೆಯೆಂದರೆ 77 ಗಂಟೆ ವಿಶ್ರಾಂತಿ. ಎರಡರಲ್ಲಿ ಒಂದನ್ನು ದೇಶಗಳು ಆರಿಸಿಕೊಳ್ಳಬಹುದು. ವಾರದ 168 ಗಂಟೆಯಿಂದ 77 ಕಳೀರಿ. ಉಳಿಯುವುದು 91! ಇದು ಯಾವ ಸೀಮೆಯ ಹಾಲಿಡೇ?

ಈಗ ಸಂಬಳ. "ತಿಂಗಳಿಗೆ ಎಂಬತ್ತು ಸಾವಿರ" ಅಂತ ಯಾರೋ ಹೇಳಿದ್ರು ಅಂತಿಟ್ಟುಕೊಳ್ಳಿ. ಎಂಟು ತಿಂಗಳಿಗೆ 6,40,000. ಕ್ಯಾಬಿನ್, ಕಿಚನ್, ರೆಸ್ಟೋರೆಂಟ್ ಕೆಲಸದ ಹೆಚ್ಚಿನವರಿಗೆ ಕಾಂಟ್ರಾಕ್ಟ್ ಮುಗಿದ ದಿನವೇ ಸಂಬಳವೂ ನಿಲ್ತದೆ. ಮೂರು ತಿಂಗಳು ಮನೆಯಲ್ಲಿದ್ರೆ ಆ ಮೂರು ತಿಂಗಳು ಸೊನ್ನೆ. ಹನ್ನೊಂದು ತಿಂಗಳಿಗೆ ಹಂಚಿದ್ರೆ 58 ಸಾವಿರ ಚಿಲ್ಲರೆ. ಅದರಲ್ಲೇ ಚಾಕಲೇಟ್, ಪರ್ಫ್ಯೂಮ್, ಯಾರದ್ದೋ ಮದುವೆಗೆ ಉಡುಗೊರೆ, ಯಾರದ್ದೋ ಕೈಸಾಲ.

ಇನ್‌ಕಮ್ ಟ್ಯಾಕ್ಸ್ ಪೇಪರಿನ ರೆಸಿಡೆನ್ಶಿಯಲ್ ಸ್ಟೇಟಸ್ ಚಾಪ್ಟರ್ ನೆನಪುಂಟಾ? ಹಣಕಾಸು ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಭಾರತದಲ್ಲಿದ್ರೆ ರೆಸಿಡೆಂಟ್. ನಾವು ಅದನ್ನು ಐದು ಮಾರ್ಕ್‌ಗೆ ಬಾಯಿಪಾಠ ಮಾಡ್ತೇವೆ. ವಿದೇಶಿ ಹಡಗಲ್ಲಿ ದುಡಿಯುವವರು ಅದನ್ನು ಕ್ಯಾಲೆಂಡರ್ ಹಿಡಿದು ಎಣಿಸ್ತಾರೆ. ಯಾಕಂದ್ರೆ ಊರಲ್ಲಿ ಹೆಚ್ಚು ದಿನ ಉಳಿದ್ರೆ ಟ್ಯಾಕ್ಸಿನ ಲೆಕ್ಕವೇ ಬದಲಾಗ್ತದೆ. ಸ್ವಂತ ಮನೆಯಲ್ಲಿ ಎಷ್ಟು ದಿನ ಇರಬಹುದು ಅಂತ ಎಣಿಸಿ ಇರುವ ಬದುಕು ಅದು.

ನನ್ನ ದೊಡ್ಡಮ್ಮನ ಮಗ, ನಮಗೆಲ್ಲ ಅಣ್ಣ, ಕಳೆದ ತಿಂಗಳು ಬಂದ. ಅವನು ಹಡಗಲ್ಲಿದ್ದಾಗ ಅಜ್ಜಿ ತೀರಿಕೊಂಡಿದ್ರು. ಉತ್ತರಕ್ರಿಯೆಯನ್ನು ಅವನು ವಿಡಿಯೋ ಕಾಲಲ್ಲಿ ನೋಡಿದ್ದು, ಅದೂ ನೆಟ್‌ವರ್ಕ್ ಸಿಕ್ಕಷ್ಟು ಹೊತ್ತು. ಮನೆಗೆ ಬಂದ ಮರುದಿನದಿಂದ ನೆಂಟರು ಬರಲು ಶುರು. ಅವರಿಗೆ ಅಜ್ಜಿ ಹೋದದ್ದು ನಾಲ್ಕು ತಿಂಗಳ ಹಳೆ ಸುದ್ದಿ. ಅಣ್ಣನಿಗೆ ಮಾತ್ರ ಅಜ್ಜಿಯ ಮಂಚ ಖಾಲಿ ಕಂಡದ್ದು ಅವತ್ತೇ ಮೊದಲು. ಬಂದವರು ನಗ್ತಾ ಸೂಟ್‌ಕೇಸ್ ಕಡೆ ನೋಡ್ತಿದ್ರು, ಅವನೂ ನಗ್ತಾ ಬಿಚ್ಚಿ ಕೊಡ್ತಿದ್ದ.

ಕೆಲವರು ಕೇಳಬಹುದು, "ಯಾರು ಒತ್ತಾಯ ಮಾಡಿದ್ದು? ಅವರಾಗಿಯೇ ಹೋದದ್ದಲ್ವಾ? ಒಳ್ಳೆ ದುಡ್ಡು ಬರ್ತದಲ್ಲ." ಸರಿಯೇ. ಆ ದುಡ್ಡಲ್ಲಿ ನಮ್ಮ ಕಡೆ ಎಷ್ಟೋ ಮನೆ ಎದ್ದಿದೆ, ಎಷ್ಟೋ ತಂಗಿಯರ ಮದುವೆ ಆಗಿದೆ. ನನ್ನ ಸೆಮಿಸ್ಟರ್ ಫೀಸ್ ಎರಡು ಸಲ ಕಟ್ಟಿದ್ದೂ ಅದೇ ಅಣ್ಣ. ಅವರಿಗೆ ನಮ್ಮ ಕನಿಕರ ಬೇಕಾಗಿಲ್ಲ. ನಾನು ಕೇಳುದು ಇಷ್ಟೇ, ಅವರು ರಜೆ ಮುಗಿಸಿ ಬಂದವರು ಅಂತ ತಿಳ್ಕೊಳ್ಬೇಡಿ. ಅವರ ರಜೆ ಶುರುವಾಗುದೇ ಮನೆ ಬಾಗಿಲಲ್ಲಿ, ಅದೂ ಸಂಬಳ ಇಲ್ಲದ ರಜೆ.

ಹಾಗಾಗಿ ಮೂರು ವಿನಂತಿ.

1. ಬಂದ ಮೊದಲ ವಾರ ಅವರ ಮನೆಗೆ ದಂಡು ಕಟ್ಟಿಕೊಂಡು ಹೋಗ್ಬೇಡಿ. ಮಲಗಲಿ.
2. ಕೈಸಾಲ ಕೇಳ್ಲೇಬೇಕಾದ್ರೆ ಸ್ವಲ್ಪ ದಿನ ಕಳೀಲಿ.
3. "ಪುನಃ ಯಾವಾಗ?" ಬೇಡ. ಆ ತಾರೀಕು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತುಂಟು.

ಡಿಗ್ರಿ ಮುಗಿಸಿ ಶಿಪ್ಪಿಗೆ ಹೋಗುವ ಪ್ಲಾನ್ ಇರುವ ಕ್ಲಾಸ್‌ಮೇಟ್‌ಗಳಿಗೆ: ಖಂಡಿತ ಹೋಗಿ, ಆದ್ರೆ ತಿಂಗಳ ಸಂಬಳ ನೋಡಿ ನಿರ್ಧಾರ ಮಾಡ್ಬೇಡಿ, ವರ್ಷದ ಲೆಕ್ಕ ಹಾಕಿ. ಏಜೆನ್ಸಿಗೆ ಆರ್‌ಪಿಎಸ್‌ಎಲ್ ಲೈಸೆನ್ಸ್ ಉಂಟಾ ಅಂತ ಡಿಜಿ ಶಿಪ್ಪಿಂಗ್ ವೆಬ್‌ಸೈಟಲ್ಲಿ ನೋಡಿ. ಕೆಲಸ ಕೊಡಿಸ್ಲಿಕ್ಕೆ ನಿಮ್ಮಿಂದ ಕಮಿಷನ್ ತೆಗೆದುಕೊಳ್ಳುವುದು ಎಂಎಲ್‌ಸಿ ಪ್ರಕಾರ ತಪ್ಪು. ಕಾಂಟ್ರಾಕ್ಟ್ ಮುಗಿದ ಮೇಲೆ ನಿಮ್ಮನ್ನು ಊರಿಗೆ ಕಳಿಸುವ ಖರ್ಚು ಹಡಗಿನ ಮಾಲೀಕರದ್ದು. ಸಹಿ ಹಾಕುವ ಮೊದಲು ಆ ಸಾಲು ಎಲ್ಲಿದೆ ಅಂತ ಹುಡುಕಿ ಓದಿ.

ಈಗ ನಿಮ್ಮ ಸರದಿ. ನಿಮ್ಮ ಮನೆಯ ಶಿಪ್ಪಿನವರು ಬಂದ ದಿನ ಮೊದಲು ಕೇಳುವ ಊಟ ಯಾವುದು? ಅಣ್ಣ ಕೇಳಿದ್ದು ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ. ಕಮೆಂಟಲ್ಲಿ ಹಾಕಿ. ಗೊತ್ತಿಲ್ಲದಿದ್ರೆ ಈ ಸಲ ಅವರನ್ನೇ ಕೇಳಿ.