ತೈಲಬಾವಿಯ ತುಂಬ ಕೆಸರೇಕೆ?

ನಮ್ಮ ಊರುಗಳಲ್ಲಿ ಬೋರ್‌ವೆಲ್ ಕೊರೆಯುವುದನ್ನು ನೋಡದವರು ಕಡಿಮೆ. ಲಾರಿ ಬಂದು ನಿಲ್ಲುತ್ತದೆ, ಕಂಪ್ರೆಸರ್ ಅಬ್ಬರಿಸುತ್ತದೆ, ಬೂದಿಯಂಥ ಕಲ್ಲಿನ ಪುಡಿ ಮೇಲಕ್ಕೆ ಚಿಮ್ಮುತ್ತದೆ. ಪುಡಿಯನ್ನು ಹೊರಗೆ ತಳ್ಳುವುದು ಬರೀ ಗಾಳಿ. ತೈಲಬಾವಿ ಕೊರೆಯುವವರು ಮಾತ್ರ ಸಾಮಾನ್ಯವಾಗಿ ಬಾವಿಯನ್ನು ಖಾಲಿ ಬಿಡುವುದಿಲ್ಲ. ಅದರ ತುಂಬ ಕೆಸರು ನಿಂತಿರಬೇಕು. ಏಕೆ?

ಬಿಟ್ ತಣ್ಣಗಿರಲಿ, ಪುಡಿ ಮೇಲೆ ಬರಲಿ ಎಂದು ಹಾಗೆ ಮಾಡುತ್ತಾರೆ ಎಂಬ ಉತ್ತರ ಎಲ್ಲರಿಗೂ ಗೊತ್ತು. ಸುಳ್ಳಲ್ಲ. ಆದರೆ ಆ ಕೆಸರಿನ ದೊಡ್ಡ ಕೆಲಸ ಅದರ ತೂಕದ್ದು.

ನೆಲದಾಳದ ಬಂಡೆ ತನ್ನ ಮೇಲಿನ ಪದರಗಳ ಭಾರವನ್ನೆಲ್ಲ ಹೊತ್ತಿರುತ್ತದೆ. 1000 ಮೀಟರ್ ಆಳದಲ್ಲಿ ಈ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಹೆಚ್ಚುಕಡಿಮೆ 250 ಪಟ್ಟು. ಅಲ್ಲೊಂದು ತೂತು ಕೊರೆದರೆ, ತೆಗೆದ ಕಲ್ಲು ಹೊರುತ್ತಿದ್ದ ಪಾಲೂ ತೂತಿನ ಗೋಡೆಯ ಮೇಲೆಯೇ ಬೀಳುತ್ತದೆ. ಕಲ್ಲಿನ ಸಂದುಗಳಲ್ಲಿರುವ ನೀರು, ತೈಲ, ಅನಿಲ ಬೇರೆ ಒಳಗೆ ನುಗ್ಗಲು ಕಾಯುತ್ತಿರುತ್ತವೆ. ತೆಗೆದ ಕಲ್ಲಿನ ಜಾಗದಲ್ಲಿ ನಿಂತು ಗೋಡೆಯನ್ನು ಒಳಗಿನಿಂದ ಒತ್ತಿ ಹಿಡಿಯಲು ಏನಾದರೂ ಬೇಕಲ್ಲ? ಅದೇ ಕೆಸರು.

ಬರೀ ನೀರು ತುಂಬಿದರೆ ಆ ಆಳದಲ್ಲಿ ಸಿಗುವ ಒತ್ತಡ ಸುಮಾರು 100 ಪಟ್ಟು ಮಾತ್ರ. ಅದು ಸಾಲದ ಕಡೆ ಬೆರೈಟ್ ಎಂಬ ಖನಿಜದ ಪುಡಿ ಬೆರೆಸುತ್ತಾರೆ. ನೀರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಭಾರದ ಈ ಖನಿಜಕ್ಕೆ ಪಕ್ಕದ ಆಂಧ್ರದ ಮಂಗಂಪೇಟೆ ಹೆಸರುವಾಸಿ. ಜೊತೆಗೆ ಬೆಂಟೊನೈಟ್ ಎಂಬ ಜೇಡಿಮಣ್ಣು ಸೇರುತ್ತದೆ. ಇದು ಮಣ್ಣಿನ ಗೋಡೆಗೆ ಸಗಣಿ ಬಳಿದ ಹಾಗೆ ಬಾವಿಯ ಗೋಡೆಗೆ ಮೆತ್ತಿಕೊಂಡು ಸೋರಿಕೆಯನ್ನು ತಡೆಯುತ್ತದೆ. ಪಂಪು ನಿಂತಾಗ ಕೆಸರು ತಾನಾಗಿ ಗಟ್ಟಿಯಾಗಿ, ಕಲ್ಲಿನ ಚೂರು ತಳಕ್ಕೆ ಕುಸಿಯದಂತೆ ನೋಡಿಕೊಳ್ಳುವುದೂ ಇದರ ಗುಣವೇ.

ಹಾಗಾದರೆ ತೂಕ ಹೆಚ್ಚಿದಷ್ಟೂ ಒಳ್ಳೆಯದೇ? ಅಲ್ಲ. ಅತಿಯಾದರೆ ಬಂಡೆಯೇ ಸೀಳಿ, ಕೆಸರು ಬಿರುಕಿನೊಳಗೆ ಹರಿದುಹೋಗುತ್ತದೆ. ಕಡಿಮೆಯಾದರೆ ಗೋಡೆ ಉದುರುತ್ತದೆ, ಇಲ್ಲವೇ ಅನಿಲ ಒಳನುಗ್ಗುತ್ತದೆ. ಶೇಲ್ ಎಂಬ ಜೇಡಿಕಲ್ಲಿನಲ್ಲಿ ಇನ್ನೊಂದು ತಾಪತ್ರಯ. ಮಳೆಗೆ ನಮ್ಮ ಎರೆಮಣ್ಣು ಉಬ್ಬುವಂತೆ, ಕೆಸರಿನ ನೀರು ಕುಡಿದ ಕೆಲವು ಶೇಲ್‌ಗಳೂ ಉಬ್ಬಿ ಬಾವಿಯೊಳಗೆ ಕಳಚಿ ಬೀಳುತ್ತವೆ. (ತಮಾಷೆಯೆಂದರೆ, ಎರೆಮಣ್ಣನ್ನು ಉಬ್ಬಿಸುವ ಖನಿಜವೂ ಬೆಂಟೊನೈಟ್‌ನಲ್ಲಿರುವುದೂ ಒಂದೇ ಜಾತಿಯವು.) ಅಂಥಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಕೆಸರನ್ನೋ, ನೀರಿನ ಬದಲು ಎಣ್ಣೆಯಲ್ಲಿ ಕಲಸಿದ್ದನ್ನೋ ಬಳಸುತ್ತಾರೆ.

ತೂಕದ ಲೆಕ್ಕ ತಪ್ಪಿದರೆ ಏನಾಗಬಹುದು ಎಂಬುದಕ್ಕೆ ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜ಼ನ್ ದುರಂತ ನೋಡಬೇಕು. 2010ರ ಏಪ್ರಿಲ್ 20ರಂದು ಕೊರೆದು ಮುಗಿದ ಬಾವಿಯಿಂದ ಭಾರದ ಕೆಸರನ್ನು ತೆಗೆದು, ಹಗುರವಾದ ಸಮುದ್ರದ ನೀರು ತುಂಬಲಾಗುತ್ತಿತ್ತು. ತಳದ ಸಿಮೆಂಟ್ ಬಾವಿಯನ್ನು ಸರಿಯಾಗಿ ಮುಚ್ಚಿರಲಿಲ್ಲ. ಮೇಲಿನ ಭಾರ ತಗ್ಗಿದ್ದೇ ತಡ, ಅನಿಲ ಮೇಲೇರಿ ಹೊತ್ತಿಕೊಂಡಿತು. 11 ಜನ ಸತ್ತರು.

ಇನ್ನು ನಮ್ಮ ಬೋರ್‌ವೆಲ್ಲಿಗೆ ಗಾಳಿಯೇ ಸಾಕಾಗುವುದು ಹೇಗೆ? ಕರ್ನಾಟಕದ ಬಹುಭಾಗದಲ್ಲಿ ನೆಲದಡಿ ಇರುವುದು ಗಟ್ಟಿ ಗ್ರಾನೈಟ್ ಮತ್ತು ನೈಸ್. 1000 ಅಡಿ ಆಳದಲ್ಲಿ ಬಂಡೆಯ ಮೇಲಿನ ಭಾರ ಗಾಳಿಯ ಒತ್ತಡದ ಸುಮಾರು 80 ಪಟ್ಟು. ಬಿರುಕಿಲ್ಲದ ಗ್ರಾನೈಟ್ ತಾಳುವುದು ಸಾಮಾನ್ಯವಾಗಿ 1000 ಪಟ್ಟಿಗೂ ಮೇಲೆ. ಅದಕ್ಕೆ ಯಾರ ಆಸರೆಯೂ ಬೇಕಿಲ್ಲ.

ಆಸರೆ ಬೇಕಿರುವುದು ಅದರ ಮೇಲಿನ ಮಣ್ಣಿಗೆ ಮತ್ತು ಪುಡಿಪುಡಿಯಾದ ಶಿಥಿಲ ಕಲ್ಲಿಗೆ. ಅಲ್ಲಿ ಕೆಸರಿನ ಕೆಲಸವನ್ನು ಕೇಸಿಂಗ್ ಪೈಪ್ ಮಾಡುತ್ತದೆ. ಕೇಸಿಂಗಿನ ದುಡ್ಡು ಬೇರೆಯಾದ್ದರಿಂದ ನಾಲ್ಕು ಅಡಿ ಕಡಿಮೆ ಇಳಿಸಿದರೆ ಉಳಿತಾಯ ಎನಿಸುವುದು ಸಹಜ. ಆದರೆ ಪೈಪಿನ ತುದಿ ಗಟ್ಟಿ ಬಂಡೆಯಲ್ಲಿ ಕೂರದಿದ್ದರೆ ಸಂದಿನಿಂದ ಮಣ್ಣು ಜಾರುತ್ತದೆ, ಮುಂದೊಂದು ದಿನ ಮೋಟಾರು ಒಳಗೇ ಸಿಕ್ಕಿಕೊಳ್ಳಬಹುದು. ಕೊರೆಸುವಾಗ ಮೇಲೆ ಬರುವ ಪುಡಿಯನ್ನು ಕೈಯಲ್ಲಿ ಹಿಡಿದು ನೋಡಿ. ಅದು ಇನ್ನೂ ಮಣ್ಣು ಬಣ್ಣದ್ದಾಗಿ, ಬೆರಳಲ್ಲಿ ಹಿಸುಕಿದರೆ ಹುಡಿಯಾಗುತ್ತಿದ್ದರೆ, ಕೇಸಿಂಗ್ ಇನ್ನೂ ಕೆಳಗಿಳಿಯಬೇಕು.