4000 ವ್ಯಾಟ್ ಎಲ್ಲಿದೆ?

ನಮ್ಮ ರಾಮನಾಥಪುರದಲ್ಲಿ ಷಷ್ಠಿ ಜಾತ್ರೆ ಬಂತೆಂದರೆ ಕಾರು, ಆಟೋ, ಟ್ರ್ಯಾಕ್ಟರು ಎಲ್ಲದರಲ್ಲೂ ಹಾಡೋ ಹಾಡು. ತಂಬಾಕು ಮಾರ್ಕೆಟ್ಟಿಗೆ ಬರುವ ಟ್ರ್ಯಾಕ್ಟರುಗಳಲ್ಲೂ ಸೌಂಡ್ ಬಾಕ್ಸು ಇರ್ತವೆ. ನಮ್ಮ ತರಗತಿಯಲ್ಲಿ ಒಬ್ಬ "ನಮ್ದು 4000 ವ್ಯಾಟ್" ಅಂದರೆ ಇನ್ನೊಬ್ಬ "ನಮ್ದು 5000" ಅಂತಾನೆ. ನನ್ನ ಅಭಿಪ್ರಾಯದಲ್ಲಿ ಇಬ್ಬರದ್ದೂ ಅಷ್ಟಿಲ್ಲ. ಕೋಪ ಮಾಡಿಕೊಳ್ಳಬೇಡಿ, ಲೆಕ್ಕ ತೋರಿಸ್ತೀನಿ.

ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ಬರುತ್ತದೆ. ಕಾರಿನ ಬ್ಯಾಟರಿ 12 ವೋಲ್ಟ್. ಇಂಜಿನ್ ಓಡುವಾಗ ಸುಮಾರು 14. ಆಂಪ್ಲಿಫೈಯರಿನ ಪಕ್ಕದಲ್ಲಿ ಫ್ಯೂಸ್ ಇರುತ್ತಲ್ಲ, ಅದರ ಮೇಲೆ 20 ಅಂತ ಬರೆದಿದ್ದರೆ 14×20=280 ವ್ಯಾಟ್. ಅದಕ್ಕಿಂತ ಜಾಸ್ತಿ ಎಳೆಯುತ್ತಲೇ ಇದ್ದರೆ ಫ್ಯೂಸ್ ಸುಟ್ಟುಹೋಗುತ್ತದೆ. ನಿಜವಾಗಿ 4000 ವ್ಯಾಟ್ ಬೇಕಂದ್ರೆ 285 ಆಂಪಿಯರಿಗಿಂತ ಹೆಚ್ಚು ಬೇಕು. ಸಣ್ಣ ಕಾರಿನ ಆಲ್ಟರ್ನೇಟರು ಸಾಮಾನ್ಯವಾಗಿ 100 ಆಂಪಿಯರೂ ಕೊಡೋದಿಲ್ಲ! ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆಯೋದು ಪಿ.ಎಂ.ಪಿ.ಓ. ಅನ್ನುವ ಲೆಕ್ಕ. ಅದನ್ನು ಅಳೆಯೋದಕ್ಕೆ ಒಂದು ನಿಯಮವೇ ಇಲ್ಲ, ಆದ್ದರಿಂದ ಯಾರು ಎಷ್ಟು ಬೇಕಾದರೂ ಬರೀಬಹುದು. ಸಣ್ಣಕ್ಷರದಲ್ಲಿ ಆರ್.ಎಂ.ಎಸ್. ಅಂತ ಇದ್ದರೆ ಅದನ್ನು ನೋಡಬೇಕು.

ಇನ್ನೊಂದು ವಿಷಯ. ಆ 280 ವ್ಯಾಟೂ ಸ್ಪೀಕರಿಗೆ ಹೋಗೋಲ್ಲ. ಹಳೇ ಥರದ್ದಕ್ಕೆ 'ಎ-ಬಿ ಕ್ಲಾಸ್' ಆಂಪ್ಲಿಫೈಯರ್ ಎನ್ನುತ್ತಾರೆ. ಅದರ ಟ್ರಾನ್ಸಿಸ್ಟರು ಅರ್ಧ ತಿರುಗಿಸಿದ ನಲ್ಲಿಯ ಹಾಗೆ ಕೆಲಸ ಮಾಡುತ್ತೆ, ಹೆಚ್ಚುಕಡಿಮೆ ಅರ್ಧ ಕರೆಂಟು ಬಿಸಿಯಾಗಿ ವ್ಯರ್ಥ. ಹಳೇ ಫ್ಯಾನ್ ರೆಗ್ಯುಲೇಟರು ಬಿಸಿಯಾಗ್ತಿತ್ತಂತಲ್ಲ, ಹಾಗೇ. ಅದಕ್ಕೇ ಮೈತುಂಬ ಅಲ್ಯೂಮಿನಿಯಂ ಪಟ್ಟಿ, ಕೈಲಿ ಎತ್ತೋಕೂ ಭಾರ.

'ಡಿ ಕ್ಲಾಸ್' ಬೇರೆ. ಅದರಲ್ಲಿ ಟ್ರಾನ್ಸಿಸ್ಟರು ಪೂರ್ತಿ ಆನ್, ಇಲ್ಲ ಪೂರ್ತಿ ಆಫ್. ಸೆಕೆಂಡಿಗೆ ಲಕ್ಷಾಂತರ ಸಲ ಹೀಗೆ ಆಗುತ್ತದೆ! ಎಷ್ಟು ಹೊತ್ತು ಆನ್ ಎಂಬುದು ಹಾಡಿನಂತೆ ಬದಲಾಗುತ್ತದೆ. ಆಮೇಲೆ ಒಂದು ಕಾಯಿಲು, ಒಂದು ಕೆಪಾಸಿಟರು ಸೇರಿ ಅದನ್ನು ನಯಮಾಡಿ ಸ್ಪೀಕರಿಗೆ ಕೊಡುತ್ತವೆ. ನೂರರಲ್ಲಿ 80-90 ಭಾಗ ಸ್ಪೀಕರಿಗೇ ಸಿಗುತ್ತದೆ. ಡಿ ಅಂದ್ರೆ ಡಿಜಿಟಲ್ ಅಂತ ಕೆಲವರು ಹೇಳ್ತಾರೆ, ಅದು ತಪ್ಪು. ಎ, ಬಿ, ಸಿ ಆದಮೇಲೆ ಬಂದ ಅಕ್ಷರ, ಅಷ್ಟೇ. (ಕಡಿಮೆ ಬೆಲೆಯದ್ದು ಪಕ್ಕದ ರೇಡಿಯೋಗೆ ಗೊರಗೊರ ಮಾಡುತ್ತೆ, ಅದೊಂದು ತೊಂದರೆ.)

ಇಂಜಿನ್ ಆಫ್ ಮಾಡಿ ಸ್ಪೀಕರಿಗೆ 100 ವ್ಯಾಟ್ ಕೊಟ್ಟರೆ ಹಳೆಯದು ಸುಮಾರು 17 ಆಂಪಿಯರ್ ಎಳೆಯುತ್ತದೆ, ಡಿ ಕ್ಲಾಸ್ ಸುಮಾರು 10. ರಾತ್ರಿಯೆಲ್ಲ ಹಾಡು ಹಾಕಿ ಬೆಳಗ್ಗೆ ಹತ್ತು ಜನ ಸೇರಿ ಗಾಡಿ ತಳ್ಳೋದನ್ನು ನೀವೂ ನೋಡಿದ್ದೀರಿ. ಹೊಲಕ್ಕೆ ಹೋಗಬೇಕಾದ ಟ್ರ್ಯಾಕ್ಟರು ಬ್ಯಾಟರಿ ಸತ್ತು ನಿಂತರೆ ಅವತ್ತಿನ ಕೆಲಸ ಕೆಟ್ಟಹಾಗೇ.

ಆದರೆ ನನಗೆ ಬೇಜಾರಾಗೋದು ಇಲ್ಲಿ. ಉಳಿದ ಕರೆಂಟನ್ನು ಬ್ಯಾಟರಿಯಲ್ಲಿ ಬಿಡೋ ಬದಲು ಎಲ್ಲರೂ ವಾಲ್ಯೂಮ್ ಏರಿಸ್ತಾರೆ. ವ್ಯಾಟ್ ಎರಡರಷ್ಟು ಮಾಡಿದರೂ ಹೆಚ್ಚೋದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಹತ್ತರಷ್ಟು ವ್ಯಾಟ್ ಬೇಕು. ದುಡ್ಡು ಅಷ್ಟು ಸುರಿದು ನಮ್ಮ ಶಾಲೆ ಮುಂದೆ ಹೋದರೆ ಮೇಷ್ಟ್ರು ಪಾಠ ನಿಲ್ಲಿಸಬೇಕು. ಅದೇ ಹಾಡನ್ನು ಅರ್ಧ ಕರೆಂಟಿನಲ್ಲಿ ಮೆತ್ತಗೆ ಹಾಕಿದರೆ ಹಾಡಿನ ಮಾತೂ ಕೇಳಿಸುತ್ತಲ್ವಾ?

ನಮ್ದು 4000 ಅನ್ನುವವರು ನಾಳೆ ನಿಮ್ಮ ಮನೆಯ ಆಂಪ್ಲಿಫೈಯರಿನ ಫ್ಯೂಸ್ ಮೇಲಿನ ನಂಬರು ಬರೆದುಕೊಂಡು ಬನ್ನಿ. ಬೋರ್ಡ್ ಮೇಲೆ ಗುಣಿಸಿ ನೋಡೋಣ.